ಬುಡ ಕಳಚಿಕೊಂಡ ಹೊಗೆ

ತರ್ಕಶಾಸ್ತ್ರ ಕಲಿಯಲು ಕೂತವನಿಗೆ ಮೊದಲ ಪಾಠಗಳಲ್ಲೇ ಎದುರಾಗುವುದು ಒಂದು ಬೆಟ್ಟ. ಬೆಟ್ಟದ ಮೇಲೆ ಹೊಗೆ ಏಳುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಅಡುಗೆಮನೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಒಟ್ಟಿಗೇ ಕಂಡವನು, ಕೆರೆಯಲ್ಲಿ ಎರಡೂ ಇರುವುದಿಲ್ಲವೆಂದು ಬಲ್ಲವನು, ಬೆಟ್ಟ ಹತ್ತದೆಯೇ ಅಲ್ಲಿನ ಕಾಣದ ಬೆಂಕಿಯನ್ನು ತಿಳಿದುಕೊಳ್ಳುತ್ತಾನೆ. ಪಾಠಶಾಲೆಗಳಲ್ಲಿ ತಲೆಮಾರುಗಳಿಂದ ಅನುಮಾನಪ್ರಮಾಣಕ್ಕೆ ಇದೇ ಬೆಟ್ಟ, ಇದೇ ಹೊಗೆ. ಆದರೆ ಹಳೆಯ ನೈಯಾಯಿಕರು ಈ ಉದಾಹರಣೆಯೊಳಗೆ ಒಂದು ಸಣ್ಣ ಷರತ್ತನ್ನು ಇಟ್ಟಿದ್ದರು: ಹೊಗೆಯ ರೇಖೆಗೆ ಬುಡ ಕಡಿದಿರಬಾರದು. ನೆಲದಿಂದ ಎದ್ದು ಮುಗಿಲು ಮುಟ್ಟುವ ತನಕ ಅದು ಎಲ್ಲೂ ತುಂಡಾಗದೆ ಕಾಣಬೇಕು. ಬುಡವಿಲ್ಲದ ಹೊಗೆಯನ್ನು ನೆಚ್ಚಿಕೊಂಡು ಬೆಂಕಿಯನ್ನು ಸಾಧಿಸಹೊರಟರೆ ಸೋಲು ಖಂಡಿತ. ಅದು ಧೂಳಾಗಿರಬಹುದು, ಮಂಜಾಗಿರಬಹುದು, ಬೇರೆಲ್ಲೋ ಎದ್ದು ಗಾಳಿಯಲ್ಲಿ ತೇಲಿಬಂದ ಹೊಗೆಯೇ ಆಗಿರಬಹುದು.

ಉಪಗ್ರಹಗಳು ಕಳುಹಿಸುವ ಹೊಗೆಯ ಚಿತ್ರಗಳನ್ನು ನೋಡುವ ಅಭ್ಯಾಸ ಹತ್ತಿದ ಮೇಲೆ ಆ ಷರತ್ತು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಬೆಟ್ಟ ಕಣ್ಣೆದುರಿಗೇ ಇದ್ದಾಗ ಬುಡ ಹುಡುಕುವುದು ಸುಲಭ. ಬುಡ ಸಾವಿರ ಮೈಲಿ ಆಚೆ, ಇನ್ನೊಂದು ದೇಶದಲ್ಲಿ, ಸಮುದ್ರದಾಚೆಯ ಖಂಡದಲ್ಲಿ ಇದ್ದರೆ? ತಲೆಯ ಮೇಲಿನ ಆಕಾಶ ಮಾಸಿದೆ, ಸೂರ್ಯ ತಾಮ್ರದ ಬಣ್ಣಕ್ಕೆ ತಿರುಗಿದ್ದಾನೆ, ಗಾಳಿಯಲ್ಲಿ ಸುಟ್ಟ ವಾಸನೆ, ಸುತ್ತ ಎಲ್ಲೂ ಬೆಂಕಿಯಿಲ್ಲ. ಮನುಷ್ಯ ಇಂಥ ಆಕಾಶದ ಕೆಳಗೆ ಎಷ್ಟೋ ಸಲ ನಿಂತಿದ್ದಾನೆ. ಉತ್ತರ ಮಾತ್ರ ಬಹುಪಾಲು ಸಿಕ್ಕಿಲ್ಲ.

1780ರ ಮೇ 19ರಂದು ಅಮೆರಿಕದ ಈಶಾನ್ಯ ತೀರದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ನಡುಹಗಲೇ ಕತ್ತಲಾಯಿತು. ಮಧ್ಯಾಹ್ನದ ಊಟಕ್ಕೆ ಮೇಣದಬತ್ತಿ ಹಚ್ಚಬೇಕಾಯಿತು, ಹಕ್ಕಿಗಳು ಗೂಡು ಸೇರಿದವು. ಆಗ ಸ್ವಾತಂತ್ರ್ಯ ಯುದ್ಧ ನಡೆಯುತ್ತಿತ್ತು. ನ್ಯೂಜೆರ್ಸಿಯ ಪಾಳೆಯದಲ್ಲಿದ್ದ ಜಾರ್ಜ್ ವಾಷಿಂಗ್ಟನ್ ಕೂಡ ಈ ಕತ್ತಲೆಯನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡ. ಪ್ರಳಯದ ದಿನ ಬಂತೆಂದೇ ಅನೇಕರು ನಂಬಿದರು. ಕನೆಕ್ಟಿಕಟ್‌ನ ಶಾಸನಸಭೆ ಅರ್ಧಕ್ಕೆ ನಿಲ್ಲುವುದರಲ್ಲಿತ್ತು. ಆಗ ಏಬ್ರಹಾಂ ಡೇವನ್‌ಪೋರ್ಟ್ ಎಂಬ ಸದಸ್ಯ ಎದ್ದು ನಿಂತು, ಪ್ರಳಯ ಬಂದಿಲ್ಲವಾದರೆ ಸಭೆ ನಿಲ್ಲಿಸಲು ಕಾರಣವಿಲ್ಲ, ಬಂದಿದ್ದರೆ ಅದು ಬರುವಾಗ ನಾನು ನನ್ನ ಕೆಲಸದಲ್ಲಿರಲು ಬಯಸುತ್ತೇನೆ, ಮೇಣದಬತ್ತಿ ತರಿಸಿ ಎಂಬ ಅರ್ಥದ ಮಾತು ಹೇಳಿದನೆಂದು ಪ್ರತೀತಿ. ಆ ದಿನದ ಭಯದ ನಡುವೆ ಈ ಒಬ್ಬನ ನೆಮ್ಮದಿ ನನಗೆ ಬಹಳ ಇಷ್ಟ.

ಕೆಲವು ಊರುಗಳಲ್ಲಿ ಮಳೆನೀರಿನ ಮೇಲೆ ಮಸಿಯ ಕೆನೆ ಕಟ್ಟಿತ್ತಂತೆ, ಸುಟ್ಟ ಎಲೆಯ ವಾಸನೆಯೂ ಇತ್ತಂತೆ. ಅಂದರೆ ಸುಳಿವು ಕಾಲ ಬುಡದಲ್ಲೇ ಬಿದ್ದಿತ್ತು. ಅದನ್ನು ಹಿಡಿದು ಮೂಲಕ್ಕೆ ಹೋಗಲು ದಾರಿ ಇರಲಿಲ್ಲ. ದಾರಿ ಕೊನೆಗೆ ಸಿಕ್ಕಿದ್ದು ಮರದ ಮೈಯಲ್ಲಿ. ಬೆಂಕಿಯಲ್ಲಿ ಬೆಂದೂ ಬದುಕುಳಿದ ಮರ ತನ್ನ ಸುಟ್ಟ ಗಾಯವನ್ನು ಆ ವರ್ಷದ ಬಳೆಯೊಳಗೇ ಇಟ್ಟುಕೊಂಡು ಬೆಳೆಯುತ್ತದೆ. ಕೆನಡಾದ ಆಂಟೇರಿಯೊದಲ್ಲಿರುವ ಅಲ್ಗಾಂಕ್ವಿನ್ ಕಾಡಿನ ಸುತ್ತಮುತ್ತ ಅಂಥ ಗಾಯಗಳನ್ನು ಎಣಿಸಿದ ಮಿಸ್ಸೌರಿ ವಿಶ್ವವಿದ್ಯಾಲಯದ ಸಂಶೋಧಕರು 1780ರಲ್ಲಿ ಅಲ್ಲಿ ದೊಡ್ಡ ಕಾಡ್ಗಿಚ್ಚು ಎದ್ದಿತ್ತೆಂದು 2007ರಲ್ಲಿ ಪ್ರಕಟಿಸಿದರು. ಆ ಹೊಗೆಗೆ ಬುಡ ಸಿಕ್ಕಿದ್ದು 227 ವರ್ಷಗಳ ಮೇಲೆ. ಕತ್ತಲೆಯನ್ನು ಕಂಡು ನಡುಗಿದವರು, ಅವರ ಮಕ್ಕಳು, ಮೊಮ್ಮಕ್ಕಳು, ಎಲ್ಲರೂ ತಮಗೆ ಬಂದದ್ದೇನೆಂದು ತಿಳಿಯದೆಯೇ ಹೋದರು.

1950ರ ಸೆಪ್ಟೆಂಬರ್ 26ರ ಮಧ್ಯಾಹ್ನ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸೂರ್ಯ ನೀಲಿಯಾದ. ಅದಕ್ಕೆ ಎರಡು ದಿನ ಮೊದಲು ಕೆನಡಾದ ಪೂರ್ವ ಭಾಗದಲ್ಲೂ ಅಮೆರಿಕದ ಹಲವು ಊರುಗಳಲ್ಲೂ ಹಗಲೇ ಬೀದಿದೀಪ ಉರಿದಿದ್ದವು. ಅಣುಬಾಂಬು ಬಿತ್ತೇನೋ ಎಂದು ಹೆದರಿದವರೂ ಇದ್ದರು. ಎಡಿನ್‌ಬರೋದ ರಾಯಲ್ ವೀಕ್ಷಣಾಲಯದಲ್ಲಿದ್ದ ರಾಬರ್ಟ್ ವಿಲ್ಸನ್ ಎಂಬ ತರುಣ ಖಗೋಳಜ್ಞ ದೂರದರ್ಶಕವನ್ನು ಆ ನೀಲಿ ಸೂರ್ಯನತ್ತ ತಿರುಗಿಸಿ ಅದರ ಬೆಳಕಿನ ಪಟ್ಟಿಯನ್ನು ಅಳೆದ. ನೀಲಿಗೆ ಕಾರಣ ಬ್ರಿಟಿಷ್ ಕೊಲಂಬಿಯಾ ಮತ್ತು ಅಲ್ಬರ್ಟಾದ ಗಡಿಯಲ್ಲಿ ಬೇಸಿಗೆಯಿಂದಲೇ ಉರಿಯುತ್ತಿದ್ದ ಚಿಂಚಾಗ ಕಾಡ್ಗಿಚ್ಚು. 14 ಲಕ್ಷ ಹೆಕ್ಟೇರಿಗೂ ಮಿಕ್ಕಿ ಕಾಡನ್ನು ಅದು ನುಂಗಿತ್ತು. ಸಾಮಾನ್ಯ ಹೊಗೆಯ ಕಣಗಳು ಬಹಳ ಸಣ್ಣವು. ನೀಲಿ ಬೆಳಕನ್ನು ಚದುರಿಸಿ ಕೆಂಪನ್ನು ಮುಂದೆ ಬಿಡುತ್ತವೆ, ಅದಕ್ಕೇ ಹೊಗೆಯೊಳಗಿನ ಸೂರ್ಯ ಕೆಂಪು. ಆ ಸಲ ಅಟ್ಲಾಂಟಿಕ್ ದಾಟಿದ ಕಣಗಳು ಸುಮಾರು ಒಂದು ಮೈಕ್ರಾನ್ ಗಾತ್ರದವು, ಹೆಚ್ಚುಕಡಿಮೆ ಎಲ್ಲವೂ ಒಂದೇ ಅಳತೆಯವು. ಅಂಥವು ಕೆಂಪನ್ನೇ ಹೆಚ್ಚು ಚದುರಿಸುತ್ತವೆ, ನೀಲಿ ಉಳಿಯುತ್ತದೆ. ಅದೇ ವಿಲ್ಸನ್ ಮುಂದೆ ಅತಿನೇರಳೆ ಕಿರಣಗಳಲ್ಲಿ ನಕ್ಷತ್ರಗಳನ್ನು ನೋಡುವ ಉಪಗ್ರಹವೊಂದರ ಕನಸು ಕಂಡ. ಆ ಉಪಗ್ರಹ 1978ರಲ್ಲಿ ಹಾರಿತು.

ಚಿಂಚಾಗದ ಹೊಗೆಯ ಬುಡ ಕೆಲವೇ ದಿನಗಳಲ್ಲಿ ಗೊತ್ತಾಯಿತು, ನಿಜ. ಆದರೆ ಹವಾಮಾನ ನಕ್ಷೆ, ವಿಮಾನ ಚಾಲಕರ ಮಾತು, ಬೆಂಕಿಯ ಸುದ್ದಿ ಇವನ್ನೆಲ್ಲ ಜೋಡಿಸಿ ಊಹಿಸಬೇಕಾಯಿತು. ಇಡೀ ದಾರಿಯನ್ನು ಒಂದೇ ನೋಟದಲ್ಲಿ ಕಂಡವರು ಯಾರೂ ಇರಲಿಲ್ಲ. ಮೊದಲ ಹವಾಮಾನ ಉಪಗ್ರಹ ಟೈರೋಸ್ ಏರಿದ್ದು 1960ರ ಏಪ್ರಿಲ್ 1ಕ್ಕೆ.

ಈಗ ಹೊಗೆಯನ್ನು ನೋಡುವ ಕಣ್ಣುಗಳು ಎರಡು ಬಗೆ. ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಗೇ ತಿರುಗುತ್ತ, ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹಗಳದ್ದು ಒಂದು ಬಗೆ. ಜಪಾನಿನ ಹಿಮವಾರಿ, ಅಮೆರಿಕದ ಗೋಸ್, ನಮ್ಮ ಇನ್ಸಾಟ್ ಈ ಸಾಲಿನವು. ಹಿಮವಾರಿ ಹತ್ತು ನಿಮಿಷಕ್ಕೊಮ್ಮೆ ತನ್ನ ಪಾಲಿನ ಅರ್ಧ ಭೂಮಿಯನ್ನು ಚಿತ್ರಿಸುತ್ತದೆ. ಆ ಚಿತ್ರಗಳನ್ನು ಪೋಣಿಸಿದರೆ ಹೊಗೆ ನಡೆಯುತ್ತದೆ: ಕಣಿವೆಯಲ್ಲಿ ತಂಗುತ್ತದೆ, ಬಿಸಿಲೇರಿದಂತೆ ಮೇಲೇಳುತ್ತದೆ, ಸಮುದ್ರದ ಗಾಳಿ ತಿರುಗಿದಾಗ ತಾನೂ ತಿರುಗುತ್ತದೆ. ಎರಡನೆಯ ಬಗೆಯವು ಏಳುನೂರು, ಎಂಟುನೂರು ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುವ ಟೆರಾ, ಆಕ್ವಾ, ಸುವೋಮಿ ಮುಂತಾದವು. ಒಂದು ಊರಿನ ಮೇಲೆ ಹಗಲೊಮ್ಮೆ, ಇರುಳೊಮ್ಮೆ ಹಾದುಹೋಗುತ್ತವೆ, ಹತ್ತಿರದಿಂದ ನೋಡುತ್ತವೆ. ಸುವೋಮಿ ಎಂಬ ಹೆಸರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವರ್ನರ್ ಸುವೋಮಿಯದು. ಉಪಗ್ರಹದಿಂದ ಹವಾಮಾನ ನೋಡುವ ವಿದ್ಯೆಗೆ ಅಡಿಪಾಯ ಹಾಕಿದವರು ಅವರು.

ಈ ಕಣ್ಣುಗಳು ಕೆಲಸ ಮಾಡುವ ರೀತಿಯೇ ನನಗೆ ದೊಡ್ಡ ಬೆರಗು. ಉರಿಯುವ ಬೆಂಕಿ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ, ಸುಮಾರು 4 ಮೈಕ್ರಾನ್ ತರಂಗದಲ್ಲಿ, ಬಹಳ ಪ್ರಖರವಾಗಿ ಹೊಳೆಯುತ್ತದೆ. ಹೊಗೆಯ ಕಣಗಳು ಆ ತರಂಗಕ್ಕಿಂತ ಎಷ್ಟೋ ಚಿಕ್ಕವು; ಹಾಗಾಗಿ ಆ ಬೆಳಕನ್ನು ತಡೆಯಲಾರವು. ನಮ್ಮ ಕಣ್ಣಿಗೆ ಗೋಡೆಯಂತೆ ಅಡ್ಡ ನಿಂತ ಹೊಗೆ ಆ ಬೆಳಕಿಗೆ ಇಲ್ಲವೇ ಇಲ್ಲ. ಆದ್ದರಿಂದಲೇ ಒಂದು ಕಿಲೋಮೀಟರ್ ಅಗಲದ ಚೌಕವನ್ನು ಒಂದು ಚುಕ್ಕೆಯಾಗಿ ಕಾಣುವ ಉಪಕರಣ ಕೂಡ ಹೊಗೆಯಡಿಯಲ್ಲಿರುವ ಸಾವಿರ ಚದರ ಮೀಟರಿನ ಉರಿಯನ್ನು ಗುರುತಿಸಬಲ್ಲದು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಹೊಗೆಯನ್ನೂ, ಅವಕೆಂಪಿನಲ್ಲಿ ಬೆಂಕಿಯನ್ನೂ ಹಿಡಿದು ಒಂದರ ಮೇಲೊಂದು ಇಟ್ಟರೆ, ನೈಯಾಯಿಕರು ಕೇಳಿದ್ದು ಕಣ್ಣೆದುರು ನಿಲ್ಲುತ್ತದೆ. ಬೂದು ಬಣ್ಣದ ಉದ್ದನೆಯ ರೇಖೆ, ಅದರ ತುದಿಯಲ್ಲಿ ಕೆಂಪು ಚುಕ್ಕೆ. ಊಹಿಸಿ ತಿಳಿಯಬೇಕಾದದ್ದು ಇಲ್ಲಿ ಕಂಡು ತಿಳಿಯುವಂತಾಗುತ್ತದೆ.

ಆದರೆ ಮಂಜನ್ನು ಹೊಗೆಯೆಂದು ಭ್ರಮಿಸುವ ಹಳೆಯ ಅಪಾಯ ಉಪಗ್ರಹಕ್ಕೂ ತಪ್ಪಿಲ್ಲ. ಬಿಳಿ ಮೋಡದ ಮೇಲೆ ತೆಳುವಾದ ಹೊಗೆ ಹರಡಿದರೆ, ಅಥವಾ ಹಿಮದ ಬಯಲ ಮೇಲೆ ತೇಲಿದರೆ, ಸಾಮಾನ್ಯ ಚಿತ್ರದಲ್ಲಿ ಗುರುತು ಹತ್ತುವುದಿಲ್ಲ. ಅಲ್ಲಿ ನೆರವಿಗೆ ಬಂದದ್ದು ಓಝೋನ್ ಅಳೆಯಲೆಂದು ಹೋದ ಉಪಕರಣ. 1978ರಲ್ಲಿ ಹಾರಿದ ನಿಂಬಸ್-7 ಉಪಗ್ರಹ ಅತಿನೇರಳೆ ಕಿರಣಗಳಲ್ಲಿ ಓಝೋನ್ ಪದರವನ್ನು ಅಳೆಯುತ್ತಿತ್ತು. ಮಸಿ ಬೆರೆತ ಹೊಗೆ ಅತಿನೇರಳೆಯನ್ನು ನುಂಗುತ್ತದೆ, ಮೋಡ ನುಂಗುವುದಿಲ್ಲ. ಅದೇ ದತ್ತಾಂಶದಲ್ಲಿ ಧೂಳಿನ, ಹೊಗೆಯ ದಾರಿಗಳೂ ಅಡಗಿವೆ ಎಂಬುದು ವಿಜ್ಞಾನಿಗಳಿಗೆ ಸ್ಪಷ್ಟವಾದದ್ದು 1990ರ ದಶಕದಲ್ಲಿ. ಅಷ್ಟು ವರ್ಷ ಉಪಗ್ರಹ ಹೊಗೆಯನ್ನು ಕಾಣುತ್ತಲೇ ಇತ್ತು, ನಾವು ಓದಿಕೊಂಡಿರಲಿಲ್ಲ. ಹೊಗೆಯ ಕಣಗಳೆಲ್ಲ ಮಳೆಯಲ್ಲಿ ತೊಳೆದುಹೋದ ಮೇಲೂ ಬೆಂಕಿಯಿಂದ ಹುಟ್ಟಿದ ಕಾರ್ಬನ್ ಮಾನಾಕ್ಸೈಡ್ ವಾರಗಟ್ಟಲೆ ಗಾಳಿಯಲ್ಲಿ ಉಳಿಯುತ್ತದೆ. 2017ರಲ್ಲಿ ಹಾರಿದ ಯುರೋಪಿನ ಸೆಂಟಿನೆಲ್-5ಪಿ ಅದನ್ನೂ ಹಿಂಬಾಲಿಸುತ್ತದೆ. ಕಣ್ಣಿಗೆ ಹೊಗೆ ಮುಗಿದ ಮೇಲೂ ಹೊಗೆಯ ಪಯಣ ಮುಗಿದಿರುವುದಿಲ್ಲ.

ಇಷ್ಟೆಲ್ಲ ಯಂತ್ರಗಳಿದ್ದೂ ಮನುಷ್ಯನ ಕಣ್ಣನ್ನು ಬಿಟ್ಟಿಲ್ಲ ಎಂಬುದು ಇನ್ನೊಂದು ಸಂತೋಷ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾದಲ್ಲಿ ಪರಿಣತರು ದಿನವೂ ಉಪಗ್ರಹದ ಚಲಿಸುವ ಚಿತ್ರಗಳನ್ನು ನೋಡಿ, ಹೊಗೆ ಎಲ್ಲಿಂದ ಎಲ್ಲಿಗೆ ಹರಡಿದೆಯೆಂದು ಕೈಯಾರೆ ಗೆರೆ ಎಳೆಯುತ್ತಾರೆ. ತೆಳು, ಮಧ್ಯಮ, ದಟ್ಟ ಎಂದು ವಿಂಗಡಿಸುತ್ತಾರೆ. ಅವರಿಗೆ ಅನುಕೂಲದ ಹೊತ್ತು ಸೂರ್ಯ ಹುಟ್ಟಿದ ಸ್ವಲ್ಪ ಸಮಯದ ಮೇಲೆ ಮತ್ತು ಮುಳುಗುವ ಮುನ್ನ. ಓರೆಯಾಗಿ ಬಂದ ಬೆಳಕಿನಲ್ಲಿ ತೆಳ್ಳನೆಯ ಹೊಗೆಯೂ ಮಿನುಗುತ್ತದೆ. ನಡುಹಗಲಿನ ನೇರ ಬಿಸಿಲಲ್ಲಿ ಅದೇ ಹೊಗೆ ಮರೆಯಾಗುತ್ತದೆ.

2019ರ ಕೊನೆಯ ದಿನಗಳು. ಆಸ್ಟ್ರೇಲಿಯಾದ ಆಗ್ನೇಯ ಮೂಲೆಯ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ರಾಜ್ಯಗಳ ಕಾಡು ತಿಂಗಳುಗಳಿಂದ ಉರಿಯುತ್ತಿತ್ತು. ಉರಿದದ್ದರಲ್ಲಿ ಬಹುಪಾಲು ನೀಲಗಿರಿ ಮರಗಳ ಕಾಡು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳಲ್ಲಿ ಸಾಲುಗಟ್ಟಿ ನಿಂತ ನೀಲಗಿರಿಯ ತವರು ಅದು. ಡಿಸೆಂಬರ್ 31ರ ಬೆಳಿಗ್ಗೆ ಮಲ್ಲಕೂಟ ಎಂಬ ಕಡಲೂರಿನಲ್ಲಿ ಬೆಳಕು ಹರಿಯಬೇಕಾದ ಹೊತ್ತಿಗೆ ಆಕಾಶ ಕಪ್ಪಾಗಿ, ಆಮೇಲೆ ರಕ್ತವರ್ಣಕ್ಕೆ ತಿರುಗಿತು. ಸಾವಿರಾರು ಜನ ದಿಕ್ಕುಗಾಣದೆ ಸಮುದ್ರದ ದಡಕ್ಕೆ ಓಡಿ ನಿಂತರು. ಮುಂದೆ ನೌಕಾಪಡೆಯ ಹಡಗು ಬಂದು ಜನರನ್ನು ಕರೆದೊಯ್ಯಬೇಕಾಯಿತು. ಅದೇ ಹೊತ್ತಿಗೆ ಮೇಲಿನಿಂದ ನೋಡುತ್ತಿದ್ದ ಹಿಮವಾರಿಯ ಚಿತ್ರದಲ್ಲಿ ಆ ಊರು ಕಾಣುವುದೇ ಇಲ್ಲ. ಕಂದು ಬಣ್ಣದ ಹೊಗೆಯ ಹೊಳೆ ಟಾಸ್ಮನ್ ಸಮುದ್ರದ ಮೇಲೆ ಹರಿದು ಹೋಗುವುದು ಮಾತ್ರ ಕಾಣುತ್ತದೆ. ಅದು ಸುಂದರವಾಗಿದೆ. ಸುಂದರವೆನ್ನಲು ನಾಲಗೆ ತಡೆಯುತ್ತದೆ, ಆದರೂ ಸುಳ್ಳು ಹೇಳಲಾರೆ. ನಮ್ಮ ಲಾಕ್ಷಣಿಕರು ಅದ್ಭುತವನ್ನೂ ಭಯಾನಕವನ್ನೂ ಬೇರೆಬೇರೆ ರಸಗಳೆಂದು ಎಣಿಸಿದರು. ಈ ಚಿತ್ರದ ಮುಂದೆ ಅವೆರಡನ್ನೂ ಬಿಡಿಸಿ ಇಡಲು ನನ್ನಿಂದಾಗಿಲ್ಲ.

ಜನವರಿ 5ರ ಮಧ್ಯಾಹ್ನ ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಆಕಾಶ ಕಿತ್ತಳೆಯಾಯಿತು. ಹೆದರಿದ ಜನ ತುರ್ತು ಸಂಖ್ಯೆಗೆ ಕರೆ ಮಾಡಿದರು. ಅಲ್ಲಿನ ದಕ್ಷಿಣ ದ್ವೀಪದ ಹಿಮನದಿಗಳು ಮಸಿ, ಧೂಳು ಬಿದ್ದು ಕಂದಾದವು. ಮರುದಿನದ ಹೊತ್ತಿಗೆ ಹೊಗೆ ಪೆಸಿಫಿಕ್ ದಾಟಿ ಚಿಲಿ, ಅರ್ಜೆಂಟೀನಾ ಮುಟ್ಟಿತ್ತು. ಜನವರಿಯ ನಡುವಿನಲ್ಲಿ ಅದು ಭೂಮಿಯನ್ನು ಒಂದು ಸುತ್ತು ಹಾಕಿ ಹೊರಟ ಜಾಗಕ್ಕೇ ಮರಳಿ ಬಂದದ್ದನ್ನು ನಾಸಾ ವಿಜ್ಞಾನಿಗಳು ಉಪಗ್ರಹದಲ್ಲಿ ಕಂಡರು. ಮರ ಸುಟ್ಟುಹೋದ ಕಾಡಿನ ಮೇಲೆ, ಅದೇ ಮರದ ಹೊಗೆ ಪಶ್ಚಿಮದಿಂದ ಬಂದು ನಿಂತಿತು.

ಇಷ್ಟು ದೂರ ಹೋಗುವ ಶಕ್ತಿ ಅದಕ್ಕೆ ಬಂದದ್ದು ಬೆಂಕಿಯೇ ಕಟ್ಟಿದ ಮೋಡಗಳಿಂದ. ದೊಡ್ಡ ಕಾಡ್ಗಿಚ್ಚಿನ ಬಿಸಿಗಾಳಿ ಮೇಲೇರಿ ತಾನೇ ಒಂದು ಗುಡುಗಿನ ಮೋಡವಾಗುತ್ತದೆ. ಆ ಮೋಡದೊಳಗೆ ಮಳೆಗಿಂತ ಮಸಿ ಹೆಚ್ಚು, ಮಿಂಚು ಬೇರೆ. ಆ ಮಿಂಚು ಇನ್ನೊಂದು ಕಡೆ ಹೊಸ ಬೆಂಕಿ ಹಚ್ಚುವುದೂ ಉಂಟು. ಇಂಥ ಮೋಡ ಹೊಗೆಯನ್ನು ವಿಮಾನಗಳ ಎತ್ತರವನ್ನೂ ಮೀರಿಸಿ, ವಾಯುಮಂಡಲದ ಎರಡನೆಯ ಅಂತಸ್ತಾದ ಸ್ತರಗೋಳಕ್ಕೆ ತಳ್ಳಬಲ್ಲದು. ಆ ಎತ್ತರಕ್ಕೆ ಏರುವ ತಾಕತ್ತು ಜ್ವಾಲಾಮುಖಿಗೆ ಮಾತ್ರ ಎಂದೇ ಬಹುಕಾಲ ನಂಬಿದ್ದರು. ಅಮೆರಿಕದ ನೌಕಾ ಸಂಶೋಧನಾಲಯದ ಮೈಕ್ ಫ್ರಾಮ್ ಮತ್ತು ಸಂಗಡಿಗರು ಕಾರಣ ತಿಳಿಯದ ಸ್ತರಗೋಳದ ಪದರಗಳ ಬೆನ್ನುಹತ್ತಿ, ಅವುಗಳ ಬುಡ ಕಾಡಿನಲ್ಲಿದೆಯೆಂದು ತೋರಿಸಿದ ಮೇಲೆ ಆ ನಂಬಿಕೆ ಬಿದ್ದಿತು.

ಆಸ್ಟ್ರೇಲಿಯಾದ ಆ ಒಂದು ವಾರದಲ್ಲಿ ಸ್ತರಗೋಳಕ್ಕೆ ಏರಿದ ಹೊಗೆ ಒಂದು ಅಂದಾಜಿನಂತೆ 4 ಲಕ್ಷ ಟನ್. ಅಲ್ಲಿ ಮಳೆಯಿಲ್ಲ, ತೊಳೆದುಹೋಗುವ ಮಾತಿಲ್ಲ. ಕಪ್ಪು ಮಸಿ ಬಿಸಿಲನ್ನು ಹೀರಿ ಸುತ್ತಲ ಗಾಳಿಯನ್ನು ಬಿಸಿ ಮಾಡಿತು. ಬಿಸಿಯಾದ ಗಾಳಿ ಮಸಿಯನ್ನು ಹೊತ್ತು ಇನ್ನೂ ಮೇಲೆ ಏರಿತು. ಏರುತ್ತ ಏರುತ್ತ ಭೂಮಿಯ ತಿರುಗುವಿಕೆಗೆ ಸಿಕ್ಕಿ ಗಿರ್ರನೆ ತಿರುಗತೊಡಗಿತು. ಸಾವಿರ ಕಿಲೋಮೀಟರ್ ಅಗಲ, ಐದಾರು ಕಿಲೋಮೀಟರ್ ದಪ್ಪದ ಹೊಗೆಯ ಸುಳಿ. ಫ್ರಾನ್ಸಿನ ಸೆರ್ಗೆಯ್ ಖೈಕಿನ್ ಮತ್ತು ಸಂಗಡಿಗರು 2020ರಲ್ಲಿ ಅದರ ಕಥೆಯನ್ನು ಪ್ರಕಟಿಸಿದರು. ಸುಳಿ ಪೆಸಿಫಿಕ್ ದಾಟಿ ದಕ್ಷಿಣ ಅಮೆರಿಕದ ತುದಿಯ ಮೇಲೆ ಕೆಲವು ದಿನ ತಂಗಿತು. ಆಮೇಲೆ ದಿಕ್ಕು ಬದಲಿಸಿ ಪಶ್ಚಿಮಕ್ಕೆ ಹೊರಟು ಭೂಮಿಯನ್ನು ಸುತ್ತಿತು. ಏಪ್ರಿಲ್ ಆರಂಭದವರೆಗೂ ಅದರ ಗುರುತು ಸಿಕ್ಕಿತು. ಅಷ್ಟರಲ್ಲಿ 66,000 ಕಿಲೋಮೀಟರ್ ನಡೆದು 35 ಕಿಲೋಮೀಟರ್ ಎತ್ತರ ಏರಿತ್ತು. ತನ್ನ ಒಡಲೊಳಗೆ ಕೆಳಗಿನ ವಾಯುಮಂಡಲದ ತೇವವನ್ನೂ, ಓಝೋನ್ ಕಡಿಮೆಯಿರುವ ಗಾಳಿಯನ್ನೂ ಅದು ಹೊತ್ತೊಯ್ದಿತ್ತು.

ಈ ಕಥೆಯಲ್ಲಿ ನಾನು ಮತ್ತೆಮತ್ತೆ ಮೆಲುಕು ಹಾಕುವ ಸಂಗತಿ ಬೇರೆ. ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರದ ಗಣಕ ಮಾದರಿಗೆ ಆ ಹೊಗೆಯ ವಿಚಾರ ಏನೂ ಗೊತ್ತಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಕಾಡು ಹೊತ್ತಿದೆಯೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಉಪಗ್ರಹಗಳಿಂದ ಬರುವ ಉಷ್ಣತೆಯ ಅಳತೆಗಳನ್ನು ದಿನದಿನವೂ ತನ್ನೊಳಗೆ ಸೇರಿಸಿಕೊಳ್ಳುತ್ತ ಹೋದಂತೆ, ದಕ್ಷಿಣ ಗೋಳಾರ್ಧದ ಮೇಲೆ ಒಂದು ಸುಳಿ ತಿರುಗುತ್ತಿದೆ ಎಂದು ಅದು ತಾನಾಗಿಯೇ ತೋರಿಸತೊಡಗಿತು. ಕ್ಯಾಲಿಪ್ಸೊ ಉಪಗ್ರಹ ಲೇಸರ್ ಕಿರಣ ಬೀರಿ ಗಾಳಿಯನ್ನು ಮೇಲಿನಿಂದ ಕೆಳಗೆ ಸೀಳಿ ನೋಡುತ್ತಿತ್ತು. ಅದಕ್ಕೆ ಹೊಗೆ ಕಂಡದ್ದೂ ಸರಿಯಾಗಿ ಆ ಸುಳಿಯ ನಡುವೆಯೇ. ಹೊಗೆಯನ್ನು ಅರಿಯದ ಲೆಕ್ಕ ಮತ್ತು ಗಾಳಿಯ ಸುಳಿಯನ್ನು ಅರಿಯದ ಲೇಸರ್ ಎರಡೂ ಒಂದೇ ಬಿಂದುವಿಗೆ ಬೆರಳು ಮಾಡಿದ್ದವು. ಪ್ರಮಾಣಗಳು ಹೀಗೆ ಬೇರೆಬೇರೆ ದಾರಿಯಿಂದ ಬಂದು ಸಂಧಿಸಿದಾಗ ಆಗುವ ಆನಂದಕ್ಕೆ ನಾನು ಬೆಲೆ ಕಟ್ಟಲಾರೆ.

ಹೊಗೆ ಕೆಳಗಿಳಿದ ಕಡೆ ಇನ್ನೊಂದು ಅಚ್ಚರಿ ನಡೆದಿತ್ತು. ದಕ್ಷಿಣದ ಸಾಗರ ಕಬ್ಬಿಣದ ಅಂಶಕ್ಕೆ ಬಡವಾದ ಸಾಗರ. ಸುಟ್ಟ ಕಾಡಿನ ಬೂದಿ ಕಬ್ಬಿಣವನ್ನು ಹೊತ್ತು ತಂದು ಅಲ್ಲಿ ಉದುರಿಸಿದಾಗ, ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಪ್ಲವಕಗಳು ಆಸ್ಟ್ರೇಲಿಯಾ ಖಂಡಕ್ಕಿಂತ ದೊಡ್ಡ ಹರವಿನಲ್ಲಿ ಹಬ್ಬಿಕೊಂಡವು. ನೀರಿನ ಬಣ್ಣ ಬದಲಾದದ್ದನ್ನು ಕಂಡದ್ದೂ ಉಪಗ್ರಹಗಳೇ. 2021ರಲ್ಲಿ ಈ ಸಂಶೋಧನೆ ನೇಚರ್ ಪತ್ರಿಕೆಯಲ್ಲಿ ಬಂತು. ಇದರಿಂದ ಕಾಡು ಸುಟ್ಟದ್ದು ಒಳ್ಳೆಯದಾಯಿತೆಂದು ಯಾರೂ ತಿಳಿಯಬಾರದು; ಸತ್ತ ಕೋಟ್ಯಂತರ ಜೀವಿಗಳಿಗೆ ಅದು ಸಮಾಧಾನವಲ್ಲ. ಒಂದು ಕಾಡಿನ ಅಂಚು ಎಲ್ಲಿಯವರೆಗೆ ಇದೆ ಎಂಬ ನನ್ನ ಎಣಿಕೆ ಮಾತ್ರ ಅಂದಿನಿಂದ ಬದಲಾಗಿದೆ.

2023ರ ಜೂನ್ 7ರಂದು ನಮ್ಮಲ್ಲಿ ರಾತ್ರಿ ಹನ್ನೊಂದೂವರೆಯ ಹೊತ್ತಿಗೆ, ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗಳ ಫೋನ್ ಬಂತು. ಅಲ್ಲಿ ಆಗ ಮಧ್ಯಾಹ್ನ ಎರಡು ಗಂಟೆ.

"ಮಾಮ, ಇಲ್ಲಿ ಹಗಲೇ ಸಂಜೆ ಆಗ್ಹೋಗಿದೆ. ಮನೆಯೊಳಗೂ ಸುಟ್ಟ ವಾಸನೆ. ಎಲ್ಲೋ ಹತ್ರದಲ್ಲೇ ಬೆಂಕಿ ಬಿದ್ದಿದೆ ಅಂದ್ಕೊಂಡೆ, ಆದ್ರೆ ಎಲ್ಲೂ ಒಂದು ಸೈರನ್ ಕೂಡ ಇಲ್ಲ."

"ಕಿಟಕಿ ಎಲ್ಲ ಹಾಕಿದೀಯೇನಮ್ಮ? ಮಗೂನ ಹೊರಗೆ ಬಿಡ್ಬೇಡ," ಎಂದೆ.

ಮಾತಾಡುತ್ತಲೇ ಗೋಸ್ ಉಪಗ್ರಹದ ಚಿತ್ರಗಳನ್ನು ತೆರೆದೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ, ನ್ಯೂಯಾರ್ಕಿನಿಂದ ಸುಮಾರು ಸಾವಿರ ಕಿಲೋಮೀಟರ್ ಉತ್ತರಕ್ಕೆ, ಜೂನ್ ಮೊದಲ ದಿನಗಳಲ್ಲಿ ಸಿಡಿಲು ಹಚ್ಚಿದ ಬೆಂಕಿಗಳು. ಪೂರ್ವ ಕರಾವಳಿಯ ಬಳಿ ಒಂದು ವಾಯುಭಾರ ಕುಸಿತ ಬೀಡುಬಿಟ್ಟಿತ್ತು. ಅದರ ಸುತ್ತ ಅಪ್ರದಕ್ಷಿಣವಾಗಿ ಬೀಸುವ ಗಾಳಿ ಹೊಗೆಯನ್ನು ನೇರ ದಕ್ಷಿಣಕ್ಕೆ ಅಟ್ಟುತ್ತಿತ್ತು. ಆ ಹೊಗೆಯ ರೇಖೆ ಬುಡದಿಂದ ಹಿಡಿದು ಅವಳ ಮನೆಯ ಮೇಲಿನವರೆಗೂ ಎಲ್ಲೂ ತುಂಡಾಗದೆ ಕಾಣುತ್ತಿತ್ತು. ನ್ಯೂಯಾರ್ಕಿನ ವಾಯು ಗುಣಮಟ್ಟ ಸೂಚ್ಯಂಕ ಆ ದಿನ 400 ದಾಟಿತು. ಅವಳಿಗೆ ಬೆಂಕಿಯ ಜಾಗ ಹೇಳಿದಾಗ ಕ್ಷಣಕಾಲ ಸುಮ್ಮನಾದಳು. "ಅಷ್ಟು ದೂರದಿಂದ್ಲಾ ಮಾಮ?" ಎಂದಳು. ಭಯ ಇಳಿದಿತ್ತು, ಆದರೆ ದನಿಯಲ್ಲಿ ಬೇರೇನೋ ಸೇರಿಕೊಂಡಿತ್ತು. 1780ರಲ್ಲಿ ಅದೇ ನ್ಯೂಜೆರ್ಸಿಯಲ್ಲಿ ಕತ್ತಲೆಯನ್ನು ಕಂಡವರಿಗೂ ಹೊಗೆ ಬಂದದ್ದು ಕೆನಡಾದ ಕಾಡಿನಿಂದಲೇ. ಅವರ ಪಾಲಿಗೆ 227 ವರ್ಷ ಹಿಡಿದ ಉತ್ತರ ಇವಳಿಗೆ ಒಂದು ಫೋನ್ ಕರೆಯೊಳಗೆ ಸಿಕ್ಕಿತು.

ಉಪಗ್ರಹಕ್ಕೆ ಕಾಣದ್ದೂ ಇದೆ. ಅದು ನೆಲದಿಂದ ಆಕಾಶದವರೆಗಿನ ಇಡೀ ಗಾಳಿಯ ಕಂಬದಲ್ಲಿ ಎಷ್ಟು ಹೊಗೆಯಿದೆಯೆಂದು ಹೇಳುತ್ತದೆ. ಆ ಹೊಗೆ ಮೂಗಿನ ಮಟ್ಟದಲ್ಲಿದೆಯೋ ಹತ್ತು ಕಿಲೋಮೀಟರ್ ಮೇಲಿದೆಯೋ ಎಂಬುದು ಆ ಸಂಖ್ಯೆಯಿಂದ ತಿಳಿಯುವುದಿಲ್ಲ. ಸೂರ್ಯ ಕೆಂಪಗಿದ್ದೂ ಉಸಿರಾಡುವ ಗಾಳಿ ಶುದ್ಧವಿರಬಹುದು. ಎತ್ತರವನ್ನು ಅಳೆಯುತ್ತಿದ್ದ ಕ್ಯಾಲಿಪ್ಸೊ 17 ವರ್ಷ ದುಡಿದು 2023ರಲ್ಲಿ ನಿಂತಿತು. 2024ರ ಮೇ ತಿಂಗಳಲ್ಲಿ ಹಾರಿದ ಅರ್ಥ್‌ಕೇರ್ ಆ ಕೆಲಸವನ್ನು ಕೈಗೆತ್ತಿಕೊಂಡಿದೆ. ದಿನಕ್ಕೊಂದೆರಡು ಸಲ ಹಾಯುವ ಉಪಗ್ರಹಕ್ಕೆ ಅದು ಬಂದುಹೋದ ಮೇಲೆ ಹತ್ತಿದ ಬೆಂಕಿ ಕಾಣದು. ಪಂಜಾಬ್, ಹರಿಯಾಣದಲ್ಲಿ ಭತ್ತದ ಕೂಳೆ ಸುಡುವ ಹೊತ್ತು ಮಧ್ಯಾಹ್ನದಿಂದ ಸಂಜೆಯತ್ತ ಸರಿದಿದೆಯೆಂದು 2024ರಲ್ಲಿ ತಿಳಿದುಬಂದದ್ದು, ದಿನವಿಡೀ ಒಂದೇ ಕಡೆ ನಿಂತು ನೋಡುವ ಕೊರಿಯಾದ ಉಪಗ್ರಹವೊಂದರ ಚಿತ್ರಗಳಿಂದ. ಅಂದರೆ ಬೆಂಕಿಯ ಎಣಿಕೆ ಇಳಿದ ಮಾತ್ರಕ್ಕೆ ಬೆಂಕಿ ಇಳಿದಿದೆಯೆಂದು ಹೇಳಲು ಬಾರದು. ಒಂದು ಕಣ್ಣು ಹೇಳಿದ್ದನ್ನು ಇನ್ನೊಂದು ಕಣ್ಣಿನಿಂದ ಒರೆಗೆ ಹಚ್ಚಲೇಬೇಕು.

ನಮ್ಮ ಗುಂಡ್ಲುಪೇಟೆಯ ಹತ್ತಿರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮಂಜಿಗೆ ಹೆಸರಾದ ಬೆಟ್ಟ. ತರ್ಕ ಕಲಿಯುವವನನ್ನು ನಿಲ್ಲಿಸಿ ಪರೀಕ್ಷೆ ಮಾಡಲು ಇದಕ್ಕಿಂತ ತಕ್ಕ ಜಾಗವಿಲ್ಲ; ಅಲ್ಲಿ ಬಿಳಿಯಾಗಿ ಏಳುವುದೆಲ್ಲ ಹೊಗೆಯಲ್ಲ. 2019ರ ಫೆಬ್ರವರಿಯಲ್ಲಿ ಮಾತ್ರ ಅದು ಹೊಗೆಯೇ ಆಗಿತ್ತು. ಬಂಡೀಪುರದ ಸಾವಿರಾರು ಎಕರೆ ಕಾಡು ಉರಿಯಿತು, ಬೆಟ್ಟದ ಮಗ್ಗುಲೂ ಕರಿಯಾಯಿತು, ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಹಸಿರು ಕಂದುಗಳ ನಡುವೆ ಆ ಕರಿಯ ಗಾಯ ಎದ್ದು ಕಾಣುತ್ತಿತ್ತು. ಹಿತ್ತಲಲ್ಲೇ ನಡೆದದ್ದನ್ನು ಅಷ್ಟು ಮೇಲಿನಿಂದ ನೋಡುವಾಗ ಆಸ್ಟ್ರೇಲಿಯಾದ ಚಿತ್ರ ಕೊಟ್ಟಿದ್ದ ಬೆರಗು ನನ್ನಲ್ಲಿ ಉಳಿಯಲಿಲ್ಲ, ಬರಿಯ ಸಂಕಟ ಉಳಿಯಿತು. ಹತ್ತಿರ, ದೂರ ಎಂಬುದು ಕಣ್ಣಿನ ಅಳತೆಯಷ್ಟೇ ಅಲ್ಲ ಎಂದು ಆಗ ತಿಳಿಯಿತು.

ಇಂದು ಉಪಗ್ರಹಗಳು ಕಂಡ ಬೆಂಕಿಯ ಸುದ್ದಿ ಭಾರತೀಯ ಅರಣ್ಯ ಸರ್ವೇಕ್ಷಣೆಯ ಮೂಲಕ ಕಾಡಿನ ಸಿಬ್ಬಂದಿಯ ಮೊಬೈಲಿಗೆ ಸಂದೇಶವಾಗಿ ಹೋಗುತ್ತದೆ. ಸಂದೇಶ ಬಂದ ಮೇಲೆ ಆ ಜಾಗಕ್ಕೆ ನಡೆದೇ ಹೋಗಬೇಕು. ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಸವರುವ, ಬೆಂಕಿ ಎದ್ದಾಗ ಹಸಿಸೊಪ್ಪಿನ ಕೊಂಬೆಯಿಂದ ಬಡಿದು ನಂದಿಸುವ ಫೈರ್ ವಾಚರ್‌ಗಳಲ್ಲಿ ಜೇನುಕುರುಬರು, ಸೋಲಿಗರು ಬಹಳ ಮಂದಿ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಮರಳಲಿಲ್ಲ. ಏಳುನೂರು ಕಿಲೋಮೀಟರ್ ಮೇಲಿನ ಕಣ್ಣಿಗೂ ನೆಲದ ಮೇಲಿನ ಈ ಕಾಲುಗಳಿಗೂ ನಡುವೆ ಇರುವ ದೂರವನ್ನು ಸಂದೇಶ ಒಂದೇ ತುಂಬಲಾರದು.

ಓದುಗರಲ್ಲಿ ನನ್ನದೊಂದು ಕೋರಿಕೆ. ನಾಸಾದ ವರ್ಲ್ಡ್‌ವ್ಯೂ ಜಾಲತಾಣ ಎಲ್ಲರಿಗೂ ತೆರೆದಿದೆ, ದುಡ್ಡು ಕೊಡಬೇಕಾಗಿಲ್ಲ. ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು 2020ರ ಜನವರಿ 1ರ ದಿನಾಂಕ ಹಾಕಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ನಡುವಿನ ಸಮುದ್ರವನ್ನು ನೋಡಿ. ಆಮೇಲೆ ಒಂದೊಂದೇ ದಿನ ಮುಂದೆ ಸರಿಸಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಮ್ಮ ಪಶ್ಚಿಮ ಘಟ್ಟದ ಮೇಲೂ, ಬಂಡೀಪುರ, ನಾಗರಹೊಳೆಗಳ ಮೇಲೂ ದಿನಕ್ಕೊಮ್ಮೆ ಕಣ್ಣಾಡಿಸಿ. ಅಲ್ಲಿ ಬೂದು ರೇಖೆ ಎದ್ದು ಅದರ ತುದಿಯಲ್ಲಿ ಕೆಂಪು ಚುಕ್ಕೆ ಕಂಡರೆ, ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ಒಂದು ಫೋನ್ ಮಾಡಿ.